ಮೈಕ್ರೋಸಾಫ್ಟ್ 365 ಕ್ವಾರಂಟೈನ್: ಒಳ್ಳೆಯದೇ, ಗಡುವಿನ ಮೇಲೆ ಕಣ್ಣಿರಲಿ

ಆಫೀಸ್ ಮೇಲ್ ಇನ್‌ಬಾಕ್ಸಲ್ಲೂ ಇಲ್ಲ, ಜಂಕ್‌ನಲ್ಲೂ ಇಲ್ಲ ಅಂದರೆ ನೋಡಬೇಕಾದ ಜಾಗ ಕ್ವಾರಂಟೈನ್, ಅಂದರೆ ಅನುಮಾನಾಸ್ಪದ ಮೇಲ್‌ಗಳನ್ನು ತಡೆದಿಡುವ ಜಾಗ. ಬೇರೆ ಪಾಸ್‌ವರ್ಡ್ ಬೇಡ, ಆಫೀಸ್ ಲಾಗಿನ್ನೇ ಸಾಕು. ಸೆಕ್ಯೂರಿಟಿ ಡಾಟ್ ಮೈಕ್ರೋಸಾಫ್ಟ್ ಡಾಟ್ ಕಾಮ್ ತೆರೆದು ಕ್ವಾರಂಟೈನ್ ಪುಟಕ್ಕೆ ಹೋಗಿ. ಪಟ್ಟಿ ಖಾಲಿ ಕಂಡರೆ ಬ್ರೌಸರ್ ಬೇರೆ ಖಾತೆಯಲ್ಲಿ ಲಾಗಿನ್ ಆಗಿದೆಯಾ ನೋಡಿ. ಪ್ರೈವೇಟ್ ವಿಂಡೋದಲ್ಲಿ ತೆರೆದರೆ ಈ ಗೊಂದಲವೇ ಇರುವುದಿಲ್ಲ.

ಮೇಲ್ ಆರಿಸಿ, ಮೊದಲು ಪ್ರಿವ್ಯೂ, ಅನುಮಾನ ಬಂದರೆ ಹೆಡರ್ (ಮೇಲ್ ಎಲ್ಲಿಂದ ಬಂತೆಂಬ ತಾಂತ್ರಿಕ ವಿವರ), ಆಮೇಲೆ ರಿಲೀಸ್ (ಇನ್‌ಬಾಕ್ಸಿಗೆ ಬಿಡುವುದು). ಪ್ರಿವ್ಯೂ ನನಗೆ ತುಂಬಾ ಮೆಚ್ಚುಗೆಯಾದ ಸೌಲಭ್ಯ: ಮೇಲನ್ನು ಇನ್‌ಬಾಕ್ಸಿಗೆ ಬಿಟ್ಟುಕೊಳ್ಳದೆಯೇ ಓದಬಹುದು. ರಿಲೀಸ್ ಬಟನ್ ಇಲ್ಲವೇ? ಮಾಲ್‌ವೇರ್ (ಹಾನಿಕಾರಕ ಸಾಫ್ಟ್‌ವೇರ್), ಖಚಿತ ಫಿಶಿಂಗ್ (ಮಾಹಿತಿ ಕದಿಯುವ ಮೋಸದ ಮೇಲ್) ಎಂದು ಹಿಡಿದದ್ದನ್ನು ನಾವೇ ಬಿಡಿಸಿಕೊಳ್ಳಲು ಬರುವುದಿಲ್ಲ, ಆಫೀಸ್ ಮೇಲ್ ನೋಡಿಕೊಳ್ಳುವ ಅಡ್ಮಿನ್‌ಗೇ ಹೇಳಬೇಕು. ಆ ಬಿಗಿ ಸರಿಯಾದದ್ದೇ.

ಕೊರತೆ ಅಂದರೆ, ಮೇಲ್ ಕ್ವಾರಂಟೈನ್‌ನಲ್ಲಿದೆ ಎಂದು ತಿಳಿಸುವ ಸೂಚನಾ ಮೇಲ್. ಅಡ್ಮಿನ್ ಆನ್ ಮಾಡದಿದ್ದರೆ ಅದು ಬರದೇ ಇರಬಹುದು. 4 ಗಂಟೆಗೊಮ್ಮೆ, ದಿನಕ್ಕೊಮ್ಮೆ ಅಥವಾ ವಾರಕ್ಕೊಮ್ಮೆ ಬರುವಂತೆ ಇಡಬಹುದು, ದಿನಕ್ಕೊಮ್ಮೆ ಕೇಳಿ. ಸ್ಪ್ಯಾಮ್ ಉಳಿಯುವುದು ಹೆಚ್ಚೆಂದರೆ 30 ದಿನ, ಆಮೇಲೆ ಅಡ್ಮಿನ್‌ಗೂ ಸಿಗದು. ಇದೇ ಸೂಚನೆಯ ನಕಲಿ ಮೇಲ್‌ಗಳೂ ಓಡಾಡುತ್ತವೆ. ಹಾಗಾಗಿ ಅದರೊಳಗಿನ ಲಿಂಕ್ ಒತ್ತಬೇಡಿ, ವಿಳಾಸ ನೀವೇ ಟೈಪ್ ಮಾಡಿ.