ಮಧುಮೇಹವಿರುವ ಬೆಕ್ಕು ದಪ್ಪಗಾಗುತ್ತಿದ್ದರೆ ಇನ್ಸುಲಿನ್ ಏರಿಸುವ ಮುನ್ನ ಓದಿ

ನಮ್ಮ ಬೆಕ್ಕು ಗುಂಡನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ಅವನು 4.6 ಕಿಲೋ ಇದ್ದ. ಏಳು ತಿಂಗಳ ಕಾಲ ದಿನಕ್ಕೆರಡು ಸಲ ಇನ್ಸುಲಿನ್ ಕೊಟ್ಟರೂ ಸಕ್ಕರೆ 400ರ ಆಸುಪಾಸಿನಿಂದ ಇಳಿಯಲಿಲ್ಲ. ತೂಕ ಮಾತ್ರ 6.1 ಕಿಲೋಗೆ ಏರಿತು. ಸಕ್ಕರೆ ಹತೋಟಿಗೆ ಬಾರದ ಬೆಕ್ಕು ಎಷ್ಟು ತಿಂದರೂ ಸಾಮಾನ್ಯವಾಗಿ ಸೊರಗುತ್ತದೆ. ಇಲ್ಲಿ ಸಕ್ಕರೆ ಇಳಿಯದೆಯೂ ತೂಕ ಏರುತ್ತಿರುವುದು ವಿಚಿತ್ರ ಎಂದು ನನಗೂ ಹೊಳೆಯಲಿಲ್ಲ, ನಾವು ತೋರಿಸುತ್ತಿದ್ದ ವೈದ್ಯರಿಗೂ ಹೊಳೆಯಲಿಲ್ಲ.

ಹೋದಾಗಲೆಲ್ಲ ಸಿಕ್ಕಿದ್ದು ಒಂದೇ ಮಾತು: "ಊಟ ಜಾಸ್ತಿ ಆಗ್ತಿದೆ, ಒಂದು ಯೂನಿಟ್ ಏರಿಸಿ." ಅಮ್ಮ ಕದ್ದು ಮೊಸರನ್ನ ಹಾಕುತ್ತಿದ್ದಾಳೆಂದು ಸಂಶಯಪಟ್ಟು ನಾನು ಜಗಳವನ್ನೂ ಆಡಿದೆ. ಮನೆಗೆ ಬಂದವರು ಹೆಸರಿಗೆ ತಕ್ಕ ಮೈ ಎಂದು ನಗುತ್ತಿದ್ದರು. 2 ಯೂನಿಟ್ 10ಕ್ಕೆ ಬಂತು. ಒಂದು ಸಲದ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 1.5 ಯೂನಿಟ್ ದಾಟಿದರೂ ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್ ಪ್ರತಿರೋಧವನ್ನು (ಕೊಟ್ಟ ಇನ್ಸುಲಿನ್ ಮೈಯಲ್ಲಿ ಸರಿಯಾಗಿ ಕೆಲಸ ಮಾಡದಿರುವುದನ್ನು) ಶಂಕಿಸಿ ಕಾರಣ ಹುಡುಕಬೇಕು ಎಂಬುದು ತಿಳಿದದ್ದು ಆಮೇಲೆ. ಒಂದು ರಾತ್ರಿ ಎರಡು ಗಂಟೆಗೆ ಅವನು ತೂರಾಡುತ್ತಿದ್ದ. ಕಿವಿಯಂಚಿಗೆ ಚುಚ್ಚಿ ನೋಡಿದರೆ ಸಕ್ಕರೆ ತೀರಾ ಕುಸಿದು 38. ಒಸಡಿಗೆ ಜೇನುತುಪ್ಪ ಸವರಿ, ಆ ಹೊತ್ತಿನಲ್ಲಿ ತೆರೆದಿರುವ ಪ್ರಾಣಿ ಆಸ್ಪತ್ರೆಯನ್ನು ಹುಡುಕುತ್ತ ಮಲ್ಲೇಶ್ವರದಿಂದ ಆಟೋದಲ್ಲಿ ಅಲೆದೆವು. ಗುಂಡ ಉಳಿದ.

ಹೆಬ್ಬಾಳದ ಕಡೆಯ ಇನ್ನೊಬ್ಬ ವೈದ್ಯರು ಮೊದಲು ನೋಡಿದ್ದು ಬೆಕ್ಕನ್ನಲ್ಲ, ನನ್ನ ಸಿರಿಂಜನ್ನು. ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನಿಗೆಂದು ಗುರುತು ಹಾಕಿದ ಸಿರಿಂಜಿನಲ್ಲಿ 100 ಯೂನಿಟ್ ಇರುವುದನ್ನು ಎಳೆದರೆ ಎರಡೂವರೆ ಪಟ್ಟು ಹೆಚ್ಚು ಹೋಗುತ್ತದೆ, ಅದಲುಬದಲಾದರೆ ಅಷ್ಟೇ ಕಡಿಮೆ, ನಮ್ಮದು ಸರಿಯಿತ್ತು. ತುರಿಕೆಗೆಂದು ಸ್ಟೀರಾಯ್ಡ್ ಚುಚ್ಚಿಸಿದ್ದೀರಾ ಎಂದು ಕೇಳಿದರು, ಹಲ್ಲು ಮತ್ತು ಮೂತ್ರದ ಸೋಂಕನ್ನು ಪರೀಕ್ಷಿಸಿದರು. ಬಳಿಕ ಹಳೆಯ ಫೋಟೋ ಕೇಳಿದರು. ಮೂರು ವರ್ಷದ ಹಿಂದಿನ ಚಿತ್ರವನ್ನು ಪಕ್ಕದಲ್ಲಿಟ್ಟಾಗ, ಅಗಲವಾದ ಮುಖ, ಮುಂದೆ ಬಂದ ಕೆಳದವಡೆ, ದೊಡ್ಡದಾದ ಪಂಜಗಳು ಎದ್ದು ಕಂಡವು. ಗೊರಕೆಯನ್ನು ನಾವು ಮುದ್ದು ಎಂದುಕೊಂಡಿದ್ದೆವು.

ರಕ್ತದಲ್ಲಿ ಐಜಿಎಫ್-1 (ಬೆಳವಣಿಗೆಯ ಹಾರ್ಮೋನ್ ಹೆಚ್ಚಿದಾಗ ಏರುವ ಇನ್ನೊಂದು ಹಾರ್ಮೋನ್) ಪ್ರಮಾಣ ಮಿಲಿಲೀಟರಿಗೆ 1000 ನ್ಯಾನೋಗ್ರಾಂ ದಾಟಿತ್ತು. ಇದು ಆಕ್ರೋಮೆಗಾಲಿಯ ಬಲವಾದ ಸೂಚನೆ: ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದು, ಬೆಳವಣಿಗೆಯ ಹಾರ್ಮೋನ್ ಅತಿಯಾಗಿ ಸುರಿದು, ಮೈಯನ್ನೂ ಬೆಳೆಸಿ ಇನ್ಸುಲಿನ್ನಿನ ಕೆಲಸಕ್ಕೂ ಅಡ್ಡಬರುತ್ತದೆ. ಇದು ಅಪರೂಪವೆಂದು ತಳ್ಳಿಹಾಕುವಂತಿಲ್ಲ; 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ 1,221 ಮಧುಮೇಹಿ ಬೆಕ್ಕುಗಳ ಪೈಕಿ ಸುಮಾರು ಕಾಲುಭಾಗದಲ್ಲಿ ಈ ಪ್ರಮಾಣ 1000 ದಾಟಿತ್ತು.

ಆದ್ದರಿಂದ ನಿಮ್ಮ ಬೆಕ್ಕಿಗೂ ಹೀಗಾಗುತ್ತಿದ್ದರೆ ಈ ಪರೀಕ್ಷೆಯನ್ನು ನೀವೇ ಬಾಯಿಬಿಟ್ಟು ಕೇಳಿ. ಇನ್ಸುಲಿನ್ ಶುರುಮಾಡುವ ಮೊದಲೇ ಮಾಡಿಸಿದರೆ ಫಲಿತಾಂಶ ಸುಳ್ಳಾಗಿ ಕಡಿಮೆ ಬರಬಹುದು. ಆರರಿಂದ ಎಂಟು ವಾರ ಇನ್ಸುಲಿನ್ ಕೊಟ್ಟ ನಂತರ ಮಾಡಿಸುವುದು ಮೇಲು. ಈ ಕಾಯಿಲೆಯಲ್ಲಿ ಹಾರ್ಮೋನ್ ಏರಿಳಿಯುವುದರಿಂದ, ನಿನ್ನೆ ಸಾಲದೇ ಹೋದ ಡೋಸ್ ಇಂದು ಅತಿಯಾಗಬಹುದು. ಈಗ ಮನೆಯಲ್ಲಿ ಕಿವಿ ಚುಚ್ಚಿ ಸಕ್ಕರೆ ನೋಡದೆ ನಾವು ಒಂದು ಯೂನಿಟ್ಟನ್ನೂ ಕೊಡುವುದಿಲ್ಲ.