ಆನ್‌ಲೈನ್ ಪೋಕರ್‌ನಲ್ಲಿ ಬೇಕಂತಲೇ ಎಳೆಯುವವರು: ಗಡಿಯಾರ ಬಿಗಿಮಾಡಬೇಕೋ, ಟೇಬಲ್‌ಗಳನ್ನು ಕಾಯಿಸಬೇಕೋ?

ಟೂರ್ನಮೆಂಟ್‌ನಲ್ಲಿ ಬಹುಮಾನದ ಗೆರೆ (ಇನ್ನು ಉಳಿದವರಿಗೆಲ್ಲ ಬಹುಮಾನ ಎನ್ನುವ ಹಂತ) ಹತ್ತಿರವಾದಾಗ ಚಿಪ್ಸ್ ಕಮ್ಮಿ ಇರುವವರು ಪ್ರತಿ ಕೈಗೂ (ಒಮ್ಮೆ ಎಲೆ ಹಂಚಿ ಆಡುವ ಆಟ) ಸಮಯ ಎಳೆಯುತ್ತಾರೆ, ಅಷ್ಟರಲ್ಲಿ ಬೇರೆ ಟೇಬಲ್‌ನಲ್ಲಿ ಯಾರಾದರೂ ಔಟಾಗಲಿ ಎಂದು. ಲೆಕ್ಕ ನೋಡಿ: 10 ನಿಮಿಷದ ಲೆವೆಲ್ (ಬ್ಲೈಂಡ್, ಅಂದರೆ ಸರದಿಯಂತೆ ಕಟ್ಟಲೇಬೇಕಾದ ಪಂತ, ಏರುವವರೆಗಿನ ಅವಧಿ), ಒಂದು ಕೈಗೆ 50 ಸೆಕೆಂಡ್ ಎಂದರೆ 12 ಕೈ. ಒಬ್ಬ 25 ಸೆಕೆಂಡ್ ಎಳೆದರೆ 8 ಕೈ. 9 ಜನರ ಟೇಬಲ್‌ನಲ್ಲಿ ಅದು ಒಂದು ಸುತ್ತೂ ಅಲ್ಲ. ಆಸಾಮಿ ಬಿಗ್ ಬ್ಲೈಂಡ್ (ಎರಡು ಬ್ಲೈಂಡ್‌ಗಳಲ್ಲಿ ದೊಡ್ಡದು) ಕಟ್ಟದೇ ಲೆವೆಲ್ ದಾಟಬಹುದು.

ಹ್ಯಾಂಡ್-ಫಾರ್-ಹ್ಯಾಂಡ್‌ನಲ್ಲಿ ಎಲ್ಲ ಟೇಬಲ್‌ಗಳೂ ಕೈ ಮುಗಿಸಿದ ಮೇಲೆ ಮುಂದಿನದು ಶುರು. ಎಲ್ಲರಿಗೂ ಅಷ್ಟೇ ಕೈಗಳು, ಎಳೆದು ಲಾಭವಿಲ್ಲ. ಆದರೆ ಇದನ್ನು ಸಾಮಾನ್ಯವಾಗಿ ಕೊನೇ ಹಂತದಲ್ಲಿ ಹಾಕುತ್ತಾರೆ. ಎಳೆದಾಟ ಅದಕ್ಕೂ ಮುಂಚೆಯೇ ಶುರುವಾಗಿರುತ್ತದೆ.

ಗಡಿಯಾರ ಬಿಗಿಮಾಡಿದರೆ, ಅಂದರೆ ಪ್ರತಿ ನಿರ್ಧಾರಕ್ಕೆ ಕೊಡುವ ಸಮಯ ಕಮ್ಮಿ ಮಾಡಿದರೆ, ಮೊದಲಿಂದಲೇ ಹಿಡಿತ. ತೊಂದರೆ: ರಿವರ್‌ನಲ್ಲಿ (ಮೇಜಿನ ಕೊನೇ ಎಲೆ ಬಿದ್ದಾಗ) ನಿಜವಾಗಿ ಯೋಚಿಸುವವನಿಗೂ, ನೆಟ್ ಕೈಕೊಟ್ಟವನಿಗೂ ಅದೇ ಶಿಕ್ಷೆ. ಹಾಗಾಗಿ ಫ್ಲಾಪ್‌ಗೆ (ಮೇಜಿನ ಮೇಲೆ ಮೊದಲ ಮೂರು ಎಲೆ ಬೀಳುವುದಕ್ಕೆ) ಮುಂಚೆ 10 ಸೆಕೆಂಡ್, ಆಮೇಲೆ 20 ಕೊಡಿ. ಟೈಮ್ ಬ್ಯಾಂಕ್ (ಕಷ್ಟದ ನಿರ್ಧಾರಕ್ಕೆಂದು ಇಟ್ಟ ಹೆಚ್ಚುವರಿ ಸಮಯ) ತಾನಾಗಿ ಶುರುವಾಗದೆ, ಗುಂಡಿ ಒತ್ತಿದರೆ ಮಾತ್ರ ಓಡಲಿ.

ಗೆಳೆಯರ ಚಿಪ್ಸ್ ಆಟ ನಡೆಸುವವರು ಮೊದಲು ಗಡಿಯಾರವನ್ನೇ ಸರಿಮಾಡಿ. ಮೂರ್ನಾಲ್ಕು ಟೇಬಲ್ ಇದ್ದರೆ ಹ್ಯಾಂಡ್-ಫಾರ್-ಹ್ಯಾಂಡ್ ಕೂಡ ಸೇರಿಸಿ. ಒಂದೇ ಟೇಬಲ್‌ಗೆ ಅದರ ಕೆಲಸವೇ ಇಲ್ಲ. ಚಾಟ್‌ನಲ್ಲಿ ಬೈದರೆ? ಎಳೆಯುವವನಿಗೆ ಇನ್ನೂ ಖುಷಿ.