ಹೆಡ್‌ಫೋನ್ ತಾರದ ವಿಡಿಯೊಗ್ರಾಫರ್ ಕೈಗೆ ಚಿತ್ರೀಕರಣ ಒಪ್ಪಿಸಬೇಡಿ

ಹಿರಿಯರೊಬ್ಬರ ಮಾತುಗಳನ್ನು ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ (ಲೆನ್ಸ್ ಬದಲಿಸಬಹುದಾದ, ಒಳಗೆ ಕನ್ನಡಿಯಿರುವ ಕ್ಯಾಮೆರಾ) ದಾಖಲಿಸಬೇಕೆಂದಿರುವವರು, ಅದಕ್ಕಾಗಿ ಹಣ ಕೊಟ್ಟು ಯಾರನ್ನಾದರೂ ಕರೆಸುವವರು ದಯವಿಟ್ಟು ಇದನ್ನು ಓದಿ. ನನಗೆ ಪಾಠ ಹೇಳಿದ ಶಿಕ್ಷಕಿಯೊಬ್ಬರ ನೆನಪುಗಳನ್ನು ಅವರ ಮನೆಯವರು ಒಬ್ಬ ವಿಡಿಯೊಗ್ರಾಫರ್‌ನಿಂದ ಚಿತ್ರೀಕರಣ ಮಾಡಿಸಿದರು. ಸಂಕಲನದ ಕೆಲಸ ನನ್ನ ಪಾಲಿಗೆ ಬಂತು. ಕಡತಗಳನ್ನು ತೆರೆದರೆ ಮೇಡಂ ಅವರ ದನಿ ಫ್ಯಾನಿನ ಸದ್ದಿನಲ್ಲಿ ಹೂತುಹೋಗಿತ್ತು. ಮುಖ ಮಸುಕು, ಬೆನ್ನ ಹಿಂದಿನ ಕಪಾಟಿನಲ್ಲಿದ್ದ ಪುಸ್ತಕಗಳ ಹೆಸರು ಮಾತ್ರ ಓದುವಷ್ಟು ಸ್ಪಷ್ಟ. ಮತ್ತೊಮ್ಮೆ ಚಿತ್ರೀಕರಿಸೋಣವೆಂದರೆ ಅಷ್ಟು ಹೊತ್ತು ಕುಳಿತು ಮಾತನಾಡಲು ಅವರ ಆರೋಗ್ಯ ಈಗ ಬಿಡುವುದಿಲ್ಲ.

ಮೈಕ್ ಎಲ್ಲಿ ಎಂದು ಮನೆಯವರು ಅಂದೇ ಕೇಳಿದ್ದರಂತೆ. "ಇದು ದುಬಾರಿ ಕ್ಯಾಮೆರಾ, ಎಲ್ಲವೂ ಆಟೋದಲ್ಲೇ ಚೆನ್ನಾಗಿ ಬರುತ್ತದೆ" ಎಂದು ಆತ ಭರವಸೆ ಕೊಟ್ಟಿದ್ದಾನೆ. ಈ ಮಾತು ನಿಮ್ಮ ಕಿವಿಗೆ ಬಿದ್ದರೆ ಚಿತ್ರೀಕರಣವನ್ನು ಅಲ್ಲಿಗೇ ತಡೆಯಿರಿ.

ಡಿಎಸ್‌ಎಲ್‌ಆರ್ ಹುಟ್ಟಿದ್ದು ಸ್ಥಿರಚಿತ್ರಕ್ಕಾಗಿ. ಅದರಲ್ಲಿ ವಿಡಿಯೊ ಸೇರಿಕೊಂಡಿದ್ದು 2008ರಲ್ಲಿ, ನಿಕಾನ್ ಡಿ90 ಬಂದಾಗ. ಚಿತ್ರದ ಗುಣಮಟ್ಟ ಆಮೇಲೆ ಎಷ್ಟೋ ಮುಂದೆ ಹೋಯಿತು, ಆದರೆ ಕ್ಯಾಮೆರಾದ ಮೈಯಲ್ಲೇ ಇರುವ ಪುಟ್ಟ ಮೈಕ್‌ಗೆ ಕ್ಯಾಮೆರಾದ ಬೆಲೆಯಿಂದ ಏನೂ ಲಾಭವಿಲ್ಲ. ಗುಂಡಿ ಒತ್ತುವ ಬೆರಳು, ಲೆನ್ಸಿನ ಮೋಟಾರು, ಕೋಣೆಯ ಪ್ರತಿಧ್ವನಿ ಎಲ್ಲವೂ ಅದಕ್ಕೆ ಕೇಳುತ್ತವೆ. ಎಲ್ಲಕ್ಕಿಂತ ದೊಡ್ಡ ಶತ್ರು ದೂರ. ಬಾಯಿಗೂ ಮೈಕಿಗೂ ನಡುವಿನ ಅಂತರ ಎರಡು ಪಟ್ಟಾದಾಗಲೆಲ್ಲ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 30 ಸೆಂಟಿಮೀಟರ್ ದೂರದಲ್ಲಿರಬೇಕಾದ ಮೈಕ್ 2.4 ಮೀಟರ್ ದೂರದ ಕ್ಯಾಮೆರಾದಲ್ಲಿದ್ದರೆ 18 ಡೆಸಿಬೆಲ್ ಹೋಯಿತು. ಫ್ಯಾನಿನ ಸದ್ದಾಗಲಿ ಗೋಡೆಗೆ ಬಡಿದು ಮರಳುವ ದನಿಯಾಗಲಿ ಅಷ್ಟು ಇಳಿಯುವುದಿಲ್ಲ. ಮಾತು ಸೋಲುವುದು ಹೀಗೆ.

ಇದರ ಮೇಲೆ ಆತ ಧ್ವನಿಯ ಮಟ್ಟವನ್ನೂ ಆಟೋಗೆ ಬಿಟ್ಟಿದ್ದ. ನಮ್ಮ ದಾಖಲೆಯನ್ನು ನಿಜವಾಗಿ ಕೊಂದದ್ದು ಇದೇ. ಮಾತು ನಿಂತೊಡನೆ ಕ್ಯಾಮೆರಾ ದನಿಯನ್ನು ಹುಡುಕುತ್ತಾ ಗೇನ್, ಅಂದರೆ ದನಿಯನ್ನು ಹಿಗ್ಗಿಸುವ ಪ್ರಮಾಣವನ್ನು, ಏರಿಸುತ್ತದೆ, ಫ್ಯಾನಿನ ಸದ್ದು ಉಬ್ಬುತ್ತದೆ. ಮಾತು ಶುರುವಾದೊಡನೆ ಗೇನ್ ಕುಸಿಯುತ್ತದೆ. ಮೇಡಂ ನಡುನಡುವೆ ಮಾತು ನಿಲ್ಲಿಸಿ, ನೆನಪು ಮಾಡಿಕೊಂಡು ಮುಂದುವರಿಯುವವರು. ಅವರ ಒಂದೊಂದು ಮೌನದಲ್ಲೂ ಗದ್ದಲ ಎದ್ದು ಬಂದಿದೆ. ಒಂದೇ ಮಟ್ಟದ ಸದ್ದಾಗಿದ್ದರೆ ಅದನ್ನು ತಗ್ಗಿಸುವ ತಂತ್ರಾಂಶಗಳಿವೆ. ಹೀಗೆ ಏರಿಳಿಯುವ ಸದ್ದನ್ನು ಅವುಗಳಿಂದ ತೆಗೆಯಹೋದರೆ ಮಾತಿನ ಕೊನೆಯ ಅಕ್ಷರಗಳೂ ಕಿತ್ತುಬರುತ್ತವೆ. ಪ್ರತಿಧ್ವನಿಯನ್ನು ಬೇರ್ಪಡಿಸುವುದಂತೂ ಇನ್ನೂ ಕಷ್ಟ.

ಆದ್ದರಿಂದ ಹೊರಗಿನ ಮೈಕ್ ಇಲ್ಲದೆ ಯಾರ ಮಾತನ್ನೂ ದಾಖಲಿಸಲು ಬಿಡಬೇಡಿ. ಕಾಲರಿಗೆ ಸಿಕ್ಕಿಸುವ ಮೈಕ್ ಆಗಬಹುದು, ಚೌಕಟ್ಟಿನ ಹೊರಗೆ ಕೋಲಿನಿಂದ ಬಾಯಿಯ ಸಮೀಪಕ್ಕೆ ಇಳಿಬಿಟ್ಟ ಶಾಟ್‌ಗನ್ ಮೈಕ್ (ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಉದ್ದನೆಯ ಮೈಕ್) ಆಗಬಹುದು. ಅದೇ ಶಾಟ್‌ಗನ್ ಮೈಕನ್ನು ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸಿದರೆ ದೂರ ಹಾಗೆಯೇ ಉಳಿಯುತ್ತದೆ, ನೋಡುವವರಿಗೆ ಸಿದ್ಧತೆ ಜೋರಾಗಿದೆ ಅನ್ನಿಸುತ್ತದೆ ಅಷ್ಟೆ. ಧ್ವನಿಯ ಮಟ್ಟವನ್ನು ಮ್ಯಾನುವಲ್‌ಗೆ ಹಾಕಿಸಿ. ಮಾತಿನ ಅತಿ ಜೋರಾದ ಕ್ಷಣಗಳಲ್ಲಿ ಮೀಟರಿನ ಮುಳ್ಳು ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿರಲಿ. ಮೀಟರಿನ ತುತ್ತತುದಿಯಾದ ಸೊನ್ನೆಯನ್ನು ಮುಟ್ಟಿ ಒಡೆದ ದನಿ ಮೊದಲಿನಂತಾಗುವುದಿಲ್ಲ. ಮೈಕಿನಲ್ಲೇ ಗೇನ್ ಇದ್ದರೆ ಅದನ್ನು ಏರಿಸಿ ಕ್ಯಾಮೆರಾದ್ದನ್ನು ಇಳಿಸುವುದು ಲೇಸು, ಏಕೆಂದರೆ ಸುಯ್ಯೆನ್ನುವ ಸದ್ದು ಹೆಚ್ಚಾಗಿ ಕ್ಯಾಮೆರಾದೊಳಗಿನ ಆಂಪ್ಲಿಫೈಯರ್‌ನಿಂದ ಬರುತ್ತದೆ.

ಇಲ್ಲೊಂದು ಹಳ್ಳ ಇದೆ, ಬಹಳ ಜನ ಅದರಲ್ಲಿ ಬೀಳುತ್ತಾರೆ. ಮೊಬೈಲ್‌ಗೆಂದು ಮಾಡಿದ ಕಾಲರ್ ಮೈಕಿನ ಪಿನ್ನಿನ ಮೇಲೆ ಮೂರು ಕಪ್ಪು ಗೆರೆಗಳಿರುತ್ತವೆ, ಕ್ಯಾಮೆರಾಗೆ ಬೇಕಾದ ಪಿನ್ನಿನಲ್ಲಿ ಎರಡು. ಮೂರು ಗೆರೆಯದು ತೂತಿನೊಳಗೆ ಸಲೀಸಾಗಿ ಕೂರುತ್ತದೆ, ಆದರೆ ದನಿ ತೀರಾ ಕ್ಷೀಣವಾಗಿ ಬರಬಹುದು, ಬಾರದೆಯೂ ಇರಬಹುದು. ಪಿನ್ ಸಿಕ್ಕಿಸಿದೊಡನೆ ಕ್ಯಾಮೆರಾದ ಸ್ವಂತ ಮೈಕ್ ಸಾಮಾನ್ಯವಾಗಿ ಬಂದ್ ಆಗುವುದರಿಂದ, ಹೊರಗಿನ ಮೈಕಿನ ಬ್ಯಾಟರಿ ಮುಗಿದಿದ್ದರೂ ಸ್ವಿಚ್ ಹಾಕದಿದ್ದರೂ ನಿಮಗೆ ಸಿಗುವುದು ಮೂಕಿ ವಿಡಿಯೊ. ಇದನ್ನು ಪತ್ತೆ ಮಾಡುವುದು ಹೆಡ್‌ಫೋನ್ ಒಂದೇ. ಅನೇಕ ಡಿಎಸ್‌ಎಲ್‌ಆರ್‌ಗಳಲ್ಲಿ ಹೆಡ್‌ಫೋನ್ ಕಿಂಡಿಯೇ ಇಲ್ಲ. ಆಗ ಒಂದು ನಿಮಿಷ ದಾಖಲಿಸಿ, ಮರಳಿ ಹಾಕಿ ಕೇಳಬೇಕು. ಇಲ್ಲವೇ ಬೇರೆ ರೆಕಾರ್ಡರ್‌ನಲ್ಲಿ ದನಿ ಹಿಡಿದು, ಆಮೇಲೆ ಅದನ್ನು ಚಿತ್ರಕ್ಕೆ ಹೊಂದಿಸಲು ಗುರುತಾಗಿ ಆರಂಭದಲ್ಲೊಂದು, ಕೊನೆಯಲ್ಲೊಂದು ಚಪ್ಪಾಳೆ ತಟ್ಟಬೇಕು. ಎರಡು ಯಂತ್ರಗಳ ಗಡಿಯಾರಗಳು ದೀರ್ಘ ದಾಖಲೆಯಲ್ಲಿ ತುಸು ಹಿಂದೆ ಮುಂದೆ ಆಗುವುದರಿಂದ ಕೊನೆಯ ಚಪ್ಪಾಳೆಯೂ ಸಂಕಲನಕಾರನಿಗೆ ಬೇಕು.

ಇನ್ನು ಫೋಕಸ್. ವಿಡಿಯೊ ತೆಗೆಯುವಾಗ ಡಿಎಸ್‌ಎಲ್‌ಆರ್‌ನ ಕನ್ನಡಿ ಮೇಲೆದ್ದಿರುತ್ತದೆ, ಸ್ಥಿರಚಿತ್ರದಲ್ಲಿ ಚುರುಕಾಗಿ ಫೋಕಸ್ ಹಿಡಿಯುವ ಸೆನ್ಸರಿಗೆ ಆಗ ಬೆಳಕು ತಲುಪುವುದಿಲ್ಲ. ಹಳೆಯ ಕ್ಯಾಮೆರಾಗಳು ಚಿತ್ರದ ಕಾಂಟ್ರಾಸ್ಟ್ (ಬೆಳಕು-ಕತ್ತಲೆಯ ವ್ಯತ್ಯಾಸ) ನೋಡುತ್ತಾ ಲೆನ್ಸನ್ನು ಹಿಂದೆ ಮುಂದೆ ಸರಿಸಿ ತಡಕಾಡುತ್ತವೆ. 2013ರಲ್ಲಿ ಕ್ಯಾನನ್ 70ಡಿ ತಂದ, ಚಿತ್ರ ಹಿಡಿಯುವ ಸೆನ್ಸರಿನಲ್ಲೇ ಫೋಕಸ್ ಹುಡುಕುವ ಡ್ಯುಯಲ್ ಪಿಕ್ಸೆಲ್ ವ್ಯವಸ್ಥೆ ಈ ತೊಂದರೆಯನ್ನು ಬಹಳಷ್ಟು ನೀಗಿಸಿತು, ಆದರೆ ನಿಮ್ಮ ಮುಂದಿರುವ ಕ್ಯಾಮೆರಾ ಯಾವ ಬಗೆಯದು ಎಂದು ಕೇಳಿ ತಿಳಿದುಕೊಳ್ಳಿ. ನಮ್ಮ ವಿಡಿಯೊದಲ್ಲಿ ಮೇಡಂ ಕೈ ಎತ್ತಿದಾಗಲೆಲ್ಲ ಲೆನ್ಸ್ ತಡಕಾಡಿದೆ, ಅದರ ಗರಗರ ಸದ್ದೂ ದಾಖಲಾಗಿದೆ, ಕೊನೆಗೆ ಫೋಕಸ್ ಕಪಾಟಿನ ಮೇಲೆ ಹೋಗಿ ಕುಳಿತಿದೆ.

ಹಿನ್ನೆಲೆ ಮಸುಕಾಗಿ ಚಂದ ಕಾಣಲೆಂದು ಆತ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ತೂತು) ಪೂರ್ತಿ ತೆರೆದಿದ್ದ. ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸ್, ಎಫ್ 1.8 (ಈ ಸಂಖ್ಯೆ ಸಣ್ಣದಾದಷ್ಟೂ ತೂತು ದೊಡ್ಡದು), ಎರಡು ಮೀಟರ್ ದೂರ ಎಂದುಕೊಳ್ಳಿ. ಸ್ಪಷ್ಟವಾಗಿ ಬರುವ ವಲಯದ ಆಳ ಸುಮಾರು 6 ಸೆಂಟಿಮೀಟರ್. ಮಾತಿನ ಭರದಲ್ಲಿ ಮನುಷ್ಯ ಅದಕ್ಕಿಂತ ಹೆಚ್ಚು ಮುಂದೆ ಬಾಗುತ್ತಾನೆ. ಎಫ್ 5.6 ಇಟ್ಟರೆ ಆ ವಲಯ ಸುಮಾರು 18 ಸೆಂಟಿಮೀಟರ್ ಆಗುತ್ತದೆ. ಬೆಳಕು ಕಡಿಮೆಯಾದರೆ ಕಿಟಕಿಯ ಬಳಿ ಕೂರಿಸಿ, ದೀಪ ಹಚ್ಚಿ. ಕುಳಿತು ಮಾತನಾಡುವವರಿಗೆ ಮ್ಯಾನುವಲ್ ಫೋಕಸ್ ಸಾಕು: ಲೈವ್ ವ್ಯೂನಲ್ಲಿ (ಹಿಂಬದಿಯ ಪರದೆಯಲ್ಲಿ ಕಾಣುವ ನೇರ ಚಿತ್ರ) ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಕಣ್ಣಿನ ಮೇಲೆ ಫೋಕಸ್ ಕೂರಿಸಿ, ಆಮೇಲೆ ಲೆನ್ಸ್ ಮುಟ್ಟಬಾರದು. ಜೂಮ್ ಕೂಡ ಮಾಡಬಾರದು, ಫೋಟೊ ಲೆನ್ಸ್‌ಗಳಲ್ಲಿ ಜೂಮ್ ಬದಲಿಸಿದರೆ ಹೆಚ್ಚಾಗಿ ಫೋಕಸ್ ಕೂಡ ಜಾರುತ್ತದೆ. ಹಿಂಬದಿಯ ಪುಟ್ಟ ಪರದೆಯಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತದೆ. ದೊಡ್ಡ ಪರದೆಯಲ್ಲಿ ನೋಡುವವರೆಗೆ ಅದನ್ನು ನಂಬಬೇಡಿ.

ಇನ್ನೊಂದು ಸಂಗತಿ. ಬಹಳಷ್ಟು ಡಿಎಸ್‌ಎಲ್‌ಆರ್‌ಗಳು 29 ನಿಮಿಷ 59 ಸೆಕೆಂಡಿಗೆ ದಾಖಲಾತಿಯನ್ನು ತಾವೇ ನಿಲ್ಲಿಸುತ್ತವೆ. ಆತ ಕ್ಯಾಮೆರಾ ಬಿಟ್ಟು ಹೊರಗೆ ಹೋಗಿದ್ದ, ಮೇಡಂ ಮಾತನಾಡುತ್ತಲೇ ಇದ್ದರು. ತಮ್ಮ ಮೊದಲ ಶಾಲೆಯ ಬಗ್ಗೆ ಹೇಳುತ್ತಿದ್ದ ವಾಕ್ಯ ಅರ್ಧಕ್ಕೇ ತುಂಡಾಗಿದೆ.

ಉಳಿದುದನ್ನು ನಾನು ಕಿವಿಗೊಟ್ಟು ಮತ್ತೆ ಮತ್ತೆ ಕೇಳಿ ಅಕ್ಷರಕ್ಕಿಳಿಸಿದ್ದೇನೆ, ಅನುಮಾನವಿರುವ ಕಡೆ ಮೇಡಂ ಅವರನ್ನೇ ಕೇಳಿ ತಿದ್ದಿದ್ದೇನೆ. ವಿಡಿಯೊದ ಕೆಳಗೆ ಆ ಸಾಲುಗಳು ಬರುತ್ತವೆ. ನೀವು ಯಾರನ್ನಾದರೂ ಗೊತ್ತು ಮಾಡುವಾಗ ಮೈಕ್ ಯಾವುದು, ಹೆಡ್‌ಫೋನ್ ತರುತ್ತೀರಾ, ಮೊದಲ ನಿಮಿಷವನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುತ್ತೀರಾ ಎಂದು ಮೊದಲೇ ಕೇಳಿ. ಕೊನೆಯ ಕಂತಿನ ಹಣ ಕೊಡುವ ಮುನ್ನ ಕಾರ್ಡಿನಲ್ಲಿರುವ ಮೂಲ ಕಡತಗಳನ್ನೇ ನಕಲು ಮಾಡಿಸಿಕೊಳ್ಳಿ. ನಮಗೆ ಮೊದಲು ಬಂದದ್ದು ಮೊಬೈಲ್‌ಗಾಗಿ ಕುಗ್ಗಿಸಿದ ಪ್ರತಿ, ಮೂಲ ಕೈಗೆ ಬರಲು ಮನೆಯವರು ಆತನ ಬೆನ್ನು ಹತ್ತಬೇಕಾಯಿತು.